ಹೋಂಸ್ಟೇ, ರೆಸಾರ್ಟ್ ಬುಕ್ ಮಾಡುವ ಮೊದಲು ಮೋಸದ ಸುಳಿವು ಹಿಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ, ವರ್ಷದ ಕೊನೆ, ಸೋಮವಾರವೂ ರಜೆ ಸೇರಿಕೊಂಡ ಉದ್ದನೆಯ ವೀಕೆಂಡ್. ಇವು ಹತ್ತಿರ ಬಂತೆಂದರೆ ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರ, ದಾಂಡೇಲಿ, ಗೋಕರ್ಣದ ಕಡೆ ರೂಮಿಗಾಗಿ ಹುಡುಕಾಟ ಶುರುವಾಗುತ್ತದೆ. ಮೋಸ ಮಾಡುವವರಿಗೂ ಅದೇ ಸುಗ್ಗಿ. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಇನ್ನೂರು ಮುನ್ನೂರು ಕಿಲೋಮೀಟರ್ ಹೋದ ಮೇಲೆ ಅಲ್ಲಿ ಮನೆಯೇ ಇಲ್ಲ ಅಂತ ಗೊತ್ತಾದರೆ ಆಗುವ ಸಂಕಟ ದುಡ್ಡಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಅಡ್ವಾನ್ಸ್ ಕಳಿಸುವ ಮೊದಲು ಅರ್ಧ ಗಂಟೆ ಕೂತು ಏನೇನು ನೋಡಬಹುದು ಅನ್ನುವುದು ಇಲ್ಲಿದೆ.

ಹತ್ತಾರು ಸುಳಿವುಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಿ ಅಂದರೆ ಯಾವುದು?

ಫೋನಿನ ಆಚೆ ಇರುವವರಿಗೆ ಯಾವುದರ ಚಿಂತೆ ಜಾಸ್ತಿ ಅಂತ ಗಮನಿಸಿ. ನಿಮ್ಮ ದುಡ್ಡಿನದೋ, ನೀವು ಬಂದು ಸೇರುವುದರದೋ?

ನಿಜವಾಗಿ ಹೋಂಸ್ಟೇ ನಡೆಸುವವರು ಸಾಮಾನ್ಯವಾಗಿ ಹೀಗೆ ಮಾತಾಡುತ್ತಾರೆ: "ಎಷ್ಟು ಜನ ಬರ್ತೀರ? ಮಕ್ಕಳು ಇದಾರಾ? ವೆಜ್ಜಾ, ನಾನ್‌ವೆಜ್ಜಾ? ಯಾವ ಕಾರು? ಮಳೆ ಬಂದಿದ್ರೆ ಕೊನೇ ಎರಡು ಕಿಲೋಮೀಟರ್ ನಿಮ್ಮ ಕಾರು ಹತ್ತಲ್ಲ, ಮೇನ್ ರೋಡಲ್ಲೇ ನಿಲ್ಲಿಸಿ, ಜೀಪ್ ಕಳಿಸ್ತೀವಿ. ಕತ್ತಲಾಗೋ ಮುಂಚೆ ಬಂದುಬಿಡಿ, ಈ ಕಡೆ ಆನೆ ಓಡಾಡುತ್ತೆ." ಅಡ್ವಾನ್ಸ್ ಮಾತು ಬರುತ್ತದೆ, ಆದರೆ ಕೊನೆಗೆ.

ಮೋಸಗಾರನ ಮಾತು ಹೀಗಿರುತ್ತದೆ: "ಸರ್, ಒಂದೇ ಕಾಟೇಜ್ ಉಳಿದಿದೆ. ಇನ್ನೊಂದು ಫ್ಯಾಮಿಲಿ ಲೈನ್‌ನಲ್ಲಿದಾರೆ. ಹತ್ತು ನಿಮಿಷದಲ್ಲಿ ಫಿಫ್ಟಿ ಪರ್ಸೆಂಟ್ ಹಾಕಿದ್ರೆ ನಿಮಗೇ ಬ್ಲಾಕ್ ಮಾಡ್ತೀನಿ." ನೀವು ಎಷ್ಟು ಜನ ಅಂತಲೂ ಕೇಳಿರುವುದಿಲ್ಲ. ಊಟದ ಬಗ್ಗೆ ಕೇಳಿದರೆ "ಎಲ್ಲಾ ಇದೆ ಸರ್". ದಾರಿ ಕೇಳಿದರೆ "ಲೊಕೇಶನ್ ಕಳಿಸ್ತೀನಿ ಸರ್". ಎಲ್ಲದಕ್ಕೂ ಹೌದು, ಯಾವುದಕ್ಕೂ ವಿವರ ಇಲ್ಲ.

ಅದಕ್ಕೇ ನೀವೇ ಸ್ಥಳೀಯ ಪ್ರಶ್ನೆ ಕೇಳಿ. ಮೂಡಿಗೆರೆ ಕಡೆಯಿಂದ ಬಂದರೆ ಎಲ್ಲಿ ತಿರುಗಬೇಕು? ಹತ್ತಿರದ ಪೆಟ್ರೋಲ್ ಬಂಕ್ ಎಲ್ಲಿದೆ? ಯಾವ ಸಿಮ್ ಸಿಗ್ನಲ್ ಸಿಗುತ್ತದೆ? ಬಸ್ಸಲ್ಲಿ ಬಂದರೆ ಯಾವ ಸ್ಟಾಪ್? ಅಲ್ಲೇ ಬದುಕುವವರು ಇದಕ್ಕೆ ಒಂದು ಕ್ಷಣವೂ ಯೋಚಿಸುವುದಿಲ್ಲ. ದೂರದ ಊರಲ್ಲಿ ಕೂತು ಮಾತಾಡುವವನು ತಡವರಿಸುತ್ತಾನೆ, ಇಲ್ಲವೇ ಮಾತನ್ನು ಮತ್ತೆ ದುಡ್ಡಿನ ಕಡೆಗೇ ಎಳೆಯುತ್ತಾನೆ.

ಫೋಟೋ ನೋಡಿ ಅಸಲಿಯೋ ಕದ್ದದ್ದೋ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲ ಕೆಲಸ, ಫೋಟೋವನ್ನು ಅದರಂಥದ್ದೇ ಫೋಟೋ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕುವುದು. ಅದೇ ಫೋಟೋ ಇನ್ನೊಂದು ಹೆಸರಲ್ಲಿ, ಇನ್ನೊಂದು ರಾಜ್ಯದಲ್ಲಿ, ಇನ್ನೊಂದು ದೇಶದಲ್ಲಿ ಕಂಡರೆ ಅಲ್ಲಿಗೆ ಮುಗಿಯಿತು. ಕಾಡಿನ ಅಂಚಿನಲ್ಲಿರುವ ನೀಲಿ ಈಜುಕೊಳದ ಫೋಟೋವನ್ನಂತೂ ತಪ್ಪದೆ ಹುಡುಕಿ. ಬಾಲಿ, ಥಾಯ್ಲೆಂಡ್, ವಯನಾಡಿನ ಫೋಟೋ ತಂದು ಕೊಡಗಿನ ಹೆಸರು ಅಂಟಿಸುವುದು ಸುಲಭ.

ಲೆನ್ಸ್‌ನಲ್ಲಿ ಏನೂ ಸಿಗದಿದ್ದರೆ ಫೋಟೋವನ್ನು ದೊಡ್ಡದು ಮಾಡಿ ಮೂಲೆಗಳನ್ನು ನೋಡಿ. ಮಂಚದ ಪಕ್ಕದ ಪ್ಲಗ್ ಪಾಯಿಂಟ್ ನೋಡಿ. ನಮ್ಮಲ್ಲಿ ದುಂಡನೆಯ ಮೂರು ತೂತಿನ ಸಾಕೆಟ್ ಇರುತ್ತದೆ, ಅದರ ಪಕ್ಕದಲ್ಲೇ ಒಂದು ಸ್ವಿಚ್ ಇರುತ್ತದೆ. ದುಂಡನೆಯ ಗುಳಿಯೊಳಗೆ ಎರಡೇ ತೂತು, ಸ್ವಿಚ್ ಇಲ್ಲ ಅಂದರೆ ಆ ಕೋಣೆ ಬಹುಶಃ ನಮ್ಮ ದೇಶದ್ದೇ ಅಲ್ಲ. ಹೊರಗಿನ ಗಿಡ ನೋಡಿ. ಕಾಫಿ ತೋಟ ಅಂದರೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಅದರ ಬದಲು ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಎಲ್ಲೆಡೆ ತೆಂಗು ಕಂಡರೆ ಅನುಮಾನ ಪಡಿ. ಅಂಗಳದಲ್ಲಿ ನಿಂತ ಜೀಪಿನ ನಂಬರ್ ಪ್ಲೇಟ್ ಕೂಡ ಉಪಯೋಗಕ್ಕೆ ಬರುತ್ತದೆ. ಕೊಡಗಿಗೆ ಕೆಎ 12, ಚಿಕ್ಕಮಗಳೂರಿಗೆ ಕೆಎ 18, ಸಕಲೇಶಪುರಕ್ಕೆ ಕೆಎ 46. ಬೇರೆ ನಂಬರ್ ಇದ್ದ ಮಾತ್ರಕ್ಕೆ ಮೋಸ ಅಂತಲ್ಲ. ಎಲ್ಲ ಫೋಟೋದಲ್ಲೂ ಹೊರರಾಜ್ಯದ ಗಾಡಿಗಳೇ ಇದ್ದರೆ ಯೋಚಿಸಬೇಕು.

ಹೋಟೆಲಿನವರು ಹಾಕಿದ ಫೋಟೋಗಿಂತ ಅತಿಥಿಗಳು ಹಾಕಿದ್ದಕ್ಕೆ ಜಾಸ್ತಿ ಬೆಲೆ ಕೊಡಿ. ಒದ್ದೆ ಟವೆಲ್ ನೇತುಹಾಕಿದ ಬಾಲ್ಕನಿ, ಮಕ್ಕಳು ಅಡ್ಡ ಬಂದ ಊಟದ ಮೇಜು, ಇಂಥವು ನಂಬಿಕೆ ಕೊಡುತ್ತವೆ.

ಇಷ್ಟಾದರೂ ಅನುಮಾನ ಉಳಿದರೆ ವಿಡಿಯೋ ಕಾಲ್ ಕೇಳಿ. ರೆಕಾರ್ಡ್ ಮಾಡಿದ ವಿಡಿಯೋ ಬೇಡ, ಲೈವ್ ಕಾಲ್ ಬೇಕು. "ರೂಮಿಂದ ಹೊರಗೆ ಬಂದು ಗೇಟ್ ತೋರಿಸಿ" ಅನ್ನಿ. ನೆಟ್‌ವರ್ಕ್ ಇಲ್ಲ ಅಂದರೆ "ಸಿಗ್ನಲ್ ಸಿಗೋ ಕಡೆ ಹೋದಾಗ ಮಾಡಿ, ಕಾಯ್ತೀನಿ" ಅನ್ನಿ. ಕಾಯಲು ನೀವು ತಯಾರಿದ್ದೀರಿ ಅಂತ ಗೊತ್ತಾದ ಕೂಡಲೇ ಮೋಸಗಾರನಿಗೆ ಆಸಕ್ತಿ ಹೋಗುತ್ತದೆ.

ಗೂಗಲ್ ಮ್ಯಾಪ್‌ನಲ್ಲಿರುವ ಫೋನ್ ನಂಬರ್ ಸರಿಯಾಗೇ ಇರುತ್ತದೆ, ಅಲ್ವಾ?

ಹಾಗೆ ನಂಬಿಯೇ ಎಷ್ಟೋ ಜನ ಸಿಕ್ಕಿಬೀಳುತ್ತಾರೆ. ಮ್ಯಾಪ್‌ನಲ್ಲಿರುವ ಒಂದು ಜಾಗದ ವಿವರ ಬದಲಾಯಿಸಲು ಯಾರು ಬೇಕಾದರೂ ಸಲಹೆ ಕಳಿಸಬಹುದು. ಮಾಲೀಕರು ಆ ಪುಟವನ್ನು ತಮ್ಮ ಹೆಸರಿಗೆ ಮಾಡಿಕೊಂಡಿರದಿದ್ದರೆ ಅಥವಾ ಅದರ ಕಡೆ ಗಮನ ಕೊಡದಿದ್ದರೆ ಮೋಸಗಾರರು ಅಲ್ಲಿ ತಮ್ಮ ನಂಬರ್ ತೂರಿಸಿಬಿಡುತ್ತಾರೆ. ಮನೆ ನಿಜ, ಫೋಟೋ ನಿಜ, ರಿವ್ಯೂ ನಿಜ. ಫೋನ್ ಎತ್ತುವವನು ಮಾತ್ರ ಬೇರೆಯವನು. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್‌ಗಳಲ್ಲೂ ಇದೇ ಅಪಾಯ ಇದೆ.

ಆದ್ದರಿಂದ ನಂಬರನ್ನು ಕನಿಷ್ಠ ಎರಡು ಕಡೆ ತಾಳೆ ನೋಡಿ. ಅವರದೇ ವೆಬ್‌ಸೈಟ್, ಬುಕಿಂಗ್ ಆಪ್, ಅತಿಥಿಗಳು ಹಾಕಿದ ಬೋರ್ಡಿನ ಫೋಟೋ, ಎಲ್ಲಿ ಸಿಕ್ಕಿದರೂ ಸರಿ. ಬೋರ್ಡಿನ ಫೋಟೋ ಎಲ್ಲಕ್ಕಿಂತ ಒಳ್ಳೆಯದು. ನಂಬರನ್ನೇ ಗೂಗಲ್‌ಗೆ ಹಾಕಿ ಹುಡುಕಿ. ಅದೇ ನಂಬರ್ ಊಟಿಯ ಒಂದು ಕಾಟೇಜಿಗೂ ಗೋವಾದ ಒಂದು ವಿಲ್ಲಾಗೂ ಇದ್ದರೆ, ಅದು ಏಜೆಂಟ್‌ದು ಇಲ್ಲವೇ ಮೋಸಗಾರನದು. ರಿವ್ಯೂಗಳಲ್ಲಿ "ನಂಬರ್ ಫೇಕ್" ಅಂತ ಯಾರಾದರೂ ಬರೆದಿದ್ದಾರಾ ನೋಡಿ. ದುಡ್ಡು ಕಳೆದುಕೊಂಡವರು ಎಷ್ಟೋ ಸಲ ಅಲ್ಲೇ ಬಂದು ಎಚ್ಚರಿಕೆ ಬರೆದುಹೋಗಿರುತ್ತಾರೆ.

ರಿವ್ಯೂಗಳನ್ನು ಎಷ್ಟು ನಂಬಬೇಕು?

ಸ್ಟಾರ್ ಎಣಿಸಬೇಡಿ, ಓದಿ. ಹೊಸದು ಮೊದಲು ಬರುವಂತೆ ಇಟ್ಟು ಒಮ್ಮೆ, ಕಡಿಮೆ ಸ್ಟಾರ್ ಮೊದಲು ಬರುವಂತೆ ಇಟ್ಟು ಇನ್ನೊಮ್ಮೆ ಓದಿ. ಒಂದೇ ವಾರದಲ್ಲಿ ಐದು ಸ್ಟಾರ್‌ಗಳ ಮಳೆ, ಎಲ್ಲದರಲ್ಲೂ "ನೈಸ್ ಪ್ಲೇಸ್, ಗುಡ್ ಸರ್ವಿಸ್" ಅಂತ ಎರಡೇ ಮಾತು ಇದ್ದರೆ ಅವು ಕೊಂಡ ರಿವ್ಯೂಗಳಿರಬಹುದು. ಬರೆದವರ ಹೆಸರು ಒತ್ತಿ ನೋಡಿ. ಅದೇ ವಾರ ಆ ವ್ಯಕ್ತಿ ಜೈಪುರದ ದಂತವೈದ್ಯರಿಗೂ ಸೂರತ್‌ನ ಜಿಮ್‌ಗೂ ಐದು ಸ್ಟಾರ್ ಕೊಟ್ಟಿದ್ದರೆ ಆ ಮಾತಿಗೆ ಬೆಲೆ ಇಲ್ಲ.

ನಿಜವಾದ ರಿವ್ಯೂದಲ್ಲಿ ವಿವರ ಇರುತ್ತದೆ. ಅಕ್ಕಿ ರೊಟ್ಟಿ ಬಿಸಿ ಬಿಸಿ ಕೊಟ್ಟರು, ರಾತ್ರಿ ಕರೆಂಟ್ ಹೋಯಿತು, ಬಾತ್‌ರೂಮಿನ ಬಾಗಿಲು ಸರಿ ಹಾಕಿಕೊಳ್ಳಲ್ಲ, ಹೀಗೆ. ಸಣ್ಣ ದೂರುಗಳಿರುವ ಜಾಗಕ್ಕೆ ನಾನು ಹೆದರುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಹೋದಾಗ ಬೇರೆ ಮನೆಗೆ ಕಳಿಸಿದರು, ಕುಡಿದವರ ಗಲಾಟೆ ಇತ್ತು, ಮಾಲೀಕರು ಬೈದರು, ಇಂಥ ಮಾತು ಎರಡು ಮೂರು ಸಲ ಬಂದರೆ ಬಿಟ್ಟುಬಿಡಿ.

ರೇಟ್ ತುಂಬಾ ಕಡಿಮೆ ಇದ್ದರೆ ಅನುಮಾನ ಪಡಬೇಕಾ?

ಪಡಬೇಕು. ಆದರೆ ಯಾವ ದಿನಕ್ಕೆ ಕಡಿಮೆ ಅಂತ ನೋಡಿ. ಜುಲೈ ತಿಂಗಳ ಮಂಗಳವಾರ ಮಲೆನಾಡಿನಲ್ಲಿ ಅರ್ಧ ಬೆಲೆಗೆ ರೂಮ್ ಸಿಕ್ಕರೆ ಅದರಲ್ಲಿ ಆಶ್ಚರ್ಯ ಇಲ್ಲ. ಡಿಸೆಂಬರ್ 31ರ ರಾತ್ರಿಗೆ ಅಕ್ಕಪಕ್ಕದವರೆಲ್ಲ ಭರ್ತಿ ಅನ್ನುತ್ತಿರುವಾಗ ಒಬ್ಬರು ಮಾತ್ರ ಅರ್ಧಕ್ಕೆ ಕೊಡುತ್ತೇನೆ ಅಂದರೆ ಅದು ನಂಬುವ ಮಾತಲ್ಲ. ಅದೇ ಊರಿನ ಮೂರು ನಾಲ್ಕು ಕಡೆ ಅದೇ ದಿನಕ್ಕೆ ವಿಚಾರಿಸಿ, ಒಂದು ಅಂದಾಜು ಸಿಗುತ್ತದೆ.

ಅಡ್ವಾನ್ಸ್ ಕೇಳಿದರೆ ಮೋಸ ಅಂತಲೇ ಅರ್ಥವಾ?

ಖಂಡಿತ ಅಲ್ಲ. ಬುಕ್ ಮಾಡಿ ಬಾರದೇ ಇರುವ ಅತಿಥಿಗಳಿಂದ ಸಣ್ಣ ಹೋಂಸ್ಟೇಗಳಿಗೆ ನಿಜವಾಗಿ ನಷ್ಟ ಆಗುತ್ತದೆ. ತರಕಾರಿ, ಮಾಂಸ ತಂದಿಟ್ಟು ಕಾಯುತ್ತಾರೆ, ಜನ ಫೋನ್ ಕೂಡ ಎತ್ತುವುದಿಲ್ಲ. ಅವರು ಅಡ್ವಾನ್ಸ್ ಕೇಳುವುದು ನ್ಯಾಯ. ಸ್ವಲ್ಪ ಭಾಗ ಕೇಳಿದರೆ ಸಹಜ. ಪೂರ್ತಿ ಹಣ ಈಗಲೇ, ಇದೇ ಕ್ಷಣ ಅಂದರೆ ಅನುಮಾನ ಪಡಿ.

ದುಡ್ಡು ಕಳಿಸುವಾಗ ಪರದೆ ಮೇಲೆ ಬರುವ ಹೆಸರು ನೋಡಿ. 2025ರ ಜೂನ್ 30ರ ನಂತರ ಯುಪಿಐ ಆಪ್‌ಗಳು ಹಣ ಪಡೆಯುವವರ ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕು ಅನ್ನುವ ನಿಯಮ ಇದೆ. ನೀವು ಮಾತಾಡಿದ್ದು ಒಬ್ಬರ ಜೊತೆ, ಹೋಂಸ್ಟೇ ಹೆಸರು ಇನ್ನೊಂದು, ಪರದೆಯಲ್ಲಿ ಬಂದಿದ್ದು ಎಲ್ಲೂ ಕೇಳದ ಮೂರನೇ ಹೆಸರು. ಆಗ ಪಿನ್ ಒತ್ತಬೇಡಿ. ಫೋನ್ ಮಾಡಿ, ಇದು ಯಾರ ಖಾತೆ ಅಂತ ಕೇಳಿ. ಮಗನದ್ದೋ ಹೆಂಡತಿಯದ್ದೋ ಆಗಿದ್ದರೆ ಮಾಲೀಕರು ಸಲೀಸಾಗಿ ಹೇಳುತ್ತಾರೆ. "ಅದು ನಮ್ಮ ಅಕೌಂಟೆಂಟ್ ಸರ್, ನೀವು ಹಾಕಿ" ಅಂತ ಅವಸರ ಮಾಡಿದರೆ ಬೇಡ.

ಕಳಿಸುವ ಮೊದಲೇ ವಾಟ್ಸಾಪ್‌ನಲ್ಲಿ ಬರಹದಲ್ಲಿ ತರಿಸಿಕೊಳ್ಳಿ: ತಾರೀಖು, ಎಷ್ಟು ರೂಮ್, ಎಷ್ಟು ಜನ, ಒಟ್ಟು ಎಷ್ಟು, ಊಟ ಸೇರಿದೆಯಾ, ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್. ಎರಡು ಸಾಲು ಸಾಕು.

"ದುಡ್ಡು ಬಂದಿಲ್ಲ, ಇನ್ನೊಮ್ಮೆ ಕಳಿಸಿ, ಮೊದಲಿನದು ರಿಫಂಡ್ ಆಗುತ್ತೆ" ಅನ್ನುತ್ತಿದ್ದಾರೆ. ಏನು ಮಾಡಲಿ?

ಅಲ್ಲೇ ನಿಲ್ಲಿಸಿ. ಒಂದು ರೂಪಾಯಿ ಕೂಡ ಮತ್ತೆ ಕಳಿಸಬೇಡಿ.

ಈ ಮೋಸ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಎರಡು ಸಾವಿರ. ಆಮೇಲೆ "ಸಿಸ್ಟಮ್‌ನಲ್ಲಿ ನಿಮ್ಮ ಹೆಸರು ಕನ್ಫರ್ಮ್ ಆಗ್ತಿಲ್ಲ, ಪೂರ್ತಿ ಮೊತ್ತ ಹಾಕಿದ್ರೆ ಮಾತ್ರ ಬಿಲ್ ಬರುತ್ತೆ". ಆಮೇಲೆ ಜಿಎಸ್‌ಟಿ. ಆಮೇಲೆ "ರಿಫಂಡ್ ಮಾಡೋಕೆ ಸೆಕ್ಯೂರಿಟಿ ಡಿಪಾಸಿಟ್". ಪ್ರತಿ ಸಲವೂ ಹಿಂದಿನ ದುಡ್ಡು ವಾಪಸ್ ಬರಲಿ ಅನ್ನುವ ಆಸೆಯಿಂದಲೇ ಜನ ಮುಂದಿನದನ್ನು ಕಳಿಸುತ್ತಾರೆ. ಎರಡು ಸಾವಿರದಲ್ಲಿ ಮುಗಿಯಬೇಕಿದ್ದ ನಷ್ಟ ಹೀಗೆ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಹಣ ಪಡೆಯಲು ಯುಪಿಐ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ ಅಂತಲೇ ಅರ್ಥ. ರಿಫಂಡ್‌ಗೆ ಅಂತ ಕ್ಯೂಆರ್ ಕಳಿಸುವವರು ಕಳ್ಳರು. ವಾಟ್ಸಾಪ್‌ನಲ್ಲಿ "ಬುಕಿಂಗ್ ಫಾರ್ಮ್" ಅಂತ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ, ಅದು ನಿಮ್ಮ ಫೋನಿನೊಳಗೆ ನುಗ್ಗುವ ಆಪ್. ಫೋನಿನ ಪರದೆ ಹಂಚಿಕೊಳ್ಳುವ ಆಪ್ ಹಾಕಿಕೊಳ್ಳಿ ಅಂದರೂ ಅಷ್ಟೇ. ಮನೆಯ ಹಿರಿಯರಿಗೆ ಈ ಭಾಗವನ್ನು ಓದಿ ಹೇಳಿ.

ಹೋಂಸ್ಟೇಗೆ ಲೈಸೆನ್ಸ್ ಇದೆಯಾ ಅಂತ ತಿಳಿಯುವುದು ಹೇಗೆ?

ನಮ್ಮ ರಾಜ್ಯದಲ್ಲಿ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಕೊಳ್ಳಬೇಕು. ನೋಂದಣಿ ಸಂಖ್ಯೆ ಅಥವಾ ಪ್ರಮಾಣಪತ್ರದ ಫೋಟೋ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಸರಿಯಾಗಿ ನಡೆಸುವವರು ಅದನ್ನು ಗೋಡೆಗೇ ಹಾಕಿರುತ್ತಾರೆ. ಅನುಮಾನ ಬಂದರೆ ಆ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆ ಕಚೇರಿಗೆ ಕೆಲಸದ ದಿನ ಫೋನ್ ಮಾಡಿ ವಿಚಾರಿಸಬಹುದು.

ಜಿಎಸ್‌ಟಿ ನಂಬರ್ ಕೊಟ್ಟರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ಒಟ್ಟು 15 ಅಕ್ಷರ, ಅಂಕಿ ಇರುತ್ತವೆ. ಕರ್ನಾಟಕದ್ದಾದರೆ ಶುರುವಿನ ಎರಡು ಅಂಕಿ 29. ಅಲ್ಲಿ ಬರುವ ಹೆಸರು, ಊರು ತಾಳೆ ಆಗಬೇಕು. ಆದರೆ ಜಿಎಸ್‌ಟಿ ಇಲ್ಲ ಅಂದ ಮಾತ್ರಕ್ಕೆ ಮೋಸ ಅಲ್ಲ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ಹೋಂಸ್ಟೇಗಳಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಹಾಗಿದ್ದಾಗ ಅವರು ನಿಮ್ಮಿಂದ ಜಿಎಸ್‌ಟಿ ಅಂತ ದುಡ್ಡು ತೆಗೆದುಕೊಳ್ಳುವ ಹಾಗೂ ಇಲ್ಲ. ನೋಂದಣಿ ಇದ್ದರೂ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 5 ಮಾತ್ರ. ಮೂರು ಸಾವಿರದ ರೂಮಿಗೆ ಶೇ. 18 ಕೇಳಿದರೆ ಯಾಕೆ ಅಂತ ಕೇಳಿ.

ಅನುಮತಿ ಅನ್ನುವುದು ಕಾಗದದ ಮಾತಷ್ಟೇ ಅಲ್ಲ. ಹಂಪಿಯ ಎದುರು, ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ರೆಸಾರ್ಟ್‌ಗಳು ನಡೆದವು. ದೇಶವಿದೇಶದವರು ಅಲ್ಲಿ ಉಳಿದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವು ಅಕ್ರಮ ಅನ್ನುವುದನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಅವನ್ನು ಕೆಡವಲಾಯಿತು. ಹಳೆಯ ಪ್ರವಾಸ ಬರಹಗಳಲ್ಲಿ ಆ ಜಾಗದ ವರ್ಣನೆ ಇನ್ನೂ ಸಿಗುತ್ತದೆ. ಸಂರಕ್ಷಿತ ಸ್ಮಾರಕ, ಕಾಡಂಚು, ಸಮುದ್ರ ದಂಡೆ, ನದಿ ದಡ, ಇಂಥ ಕಡೆ ರೂಮ್ ಹುಡುಕುವಾಗ ಅನುಮತಿ ಕೇಳುವುದನ್ನು ಮರೆಯಬೇಡಿ.

ಬುಕಿಂಗ್ ಆಪ್ ಮೂಲಕ ಮಾಡಿದರೆ ಭಯ ಇಲ್ಲ ತಾನೇ?

ಭಯ ಕಡಿಮೆ. ಪೂರ್ತಿ ಇಲ್ಲ ಅನ್ನಲಾರೆ. ಆಪ್‌ನೊಳಗೇ ಮಾತಾಡಿ, ಆಪ್‌ನೊಳಗೇ ದುಡ್ಡು ಕೊಟ್ಟರೆ ಕಂಪನಿ ನಿಮ್ಮ ಪರವಾಗಿ ನಿಲ್ಲಲು ದಾರಿ ಇರುತ್ತದೆ. "ಆಪ್‌ನಲ್ಲಿ ಕ್ಯಾನ್ಸಲ್ ಮಾಡಿ, ನನಗೆ ನೇರವಾಗಿ ಹಾಕಿ, ಸಾವಿರ ಕಡಿಮೆ ಮಾಡ್ತೀನಿ" ಅಂದರೆ ಆ ರಕ್ಷಣೆ ಹೋಯಿತು. ಗುರುತಿರುವ, ಮೊದಲು ಹೋಗಿಬಂದ ಮನೆಯಾದರೆ ಅವರಿಗೆ ನೇರ ಕೊಡುವುದರಲ್ಲಿ ತಪ್ಪಿಲ್ಲ, ಕಮಿಷನ್ ಉಳಿದರೆ ಅವರಿಗೂ ಒಳ್ಳೆಯದು. ಮೊದಲ ಸಲ ಹೋಗುವ ಜಾಗಕ್ಕೆ ಬೇಡ.

ಇನ್ನೊಂದು ಮೋಸ ತುಂಬಾ ನಾಜೂಕಿನದು. ಹೋಟೆಲಿನ ಖಾತೆಗೇ ಕಳ್ಳರು ನುಗ್ಗಿ, ಆಪ್‌ನ ಒಳಗಿಂದಲೇ ನಿಮಗೆ ಮೆಸೇಜ್ ಕಳಿಸುತ್ತಾರೆ. ನಿಮ್ಮ ಹೆಸರು, ತಾರೀಖು ಎಲ್ಲ ಸರಿಯಾಗಿರುತ್ತದೆ. "ಕಾರ್ಡ್ ಮತ್ತೆ ದೃಢಪಡಿಸಿ, ಇಲ್ಲದಿದ್ದರೆ 12 ಗಂಟೆಯಲ್ಲಿ ಬುಕಿಂಗ್ ರದ್ದು" ಅಂತ ಒಂದು ಲಿಂಕ್. ಒತ್ತಬೇಡಿ. ಆಪ್ ಮುಚ್ಚಿ, ಮತ್ತೆ ತೆರೆದು, ನಿಮ್ಮ ಬುಕಿಂಗ್ ಪುಟದಲ್ಲಿ ಬಾಕಿ ಇದೆಯಾ ನೋಡಿ. ಹೋಟೆಲಿಗೂ ಒಂದು ಫೋನ್ ಮಾಡಿ.

"ಒಂದೇ ರೂಮ್ ಬಾಕಿ, 14 ಜನ ನೋಡುತ್ತಿದ್ದಾರೆ" ಅನ್ನುವ ಕೆಂಪಕ್ಷರಕ್ಕೆ ಗಾಬರಿ ಆಗಬೇಡಿ. ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಪುಟದಲ್ಲಿ ಚಾರ್ಜ್ ಸೇರಿಸುವುದು, ಇವನ್ನು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಒಟ್ಟು ಮೊತ್ತ ಕಾಣುವ ಪುಟದವರೆಗೆ ಹೋಗಿ ಆಮೇಲೆ ಹೋಲಿಸಿ.

ಸರ್ಕಾರಿ ಹೋಟೆಲ್, ದೇವಸ್ಥಾನದ ವಸತಿಗೃಹ ಅಂದರೆ ಧೈರ್ಯವಾಗಿ ಬುಕ್ ಮಾಡಬಹುದಾ?

ಜಾಗ ನಂಬಿಕೆಯದು. ನೀವು ತೆರೆದ ವೆಬ್‌ಸೈಟ್ ಅವರದ್ದೇನಾ ಅನ್ನುವುದು ಪ್ರಶ್ನೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲ್‌ಗಳು, ಅಂದರೆ ಮಡಿಕೇರಿಯ ವ್ಯಾಲಿ ವ್ಯೂ, ಜೋಗದ ಗೇರುಸೊಪ್ಪ, ಕಮಲಾಪುರದ ಭುವನೇಶ್ವರಿ, ಮತ್ತು ಜಂಗಲ್ ಲಾಡ್ಜಸ್‌ನ ಕಬಿನಿ, ದಾಂಡೇಲಿ ಶಿಬಿರಗಳು ಎಲ್ಲರಿಗೂ ಗೊತ್ತು. ಹೆಸರು ಗೊತ್ತಿರುವ ಜಾಗದ ನಕಲಿ ಪುಟ ಮಾಡುವುದೇ ಮೋಸಗಾರರಿಗೆ ಲಾಭ. ಗೂಗಲ್‌ನ ಮೊದಲ ಲಿಂಕ್ ಒತ್ತುವ ಬದಲು ರಾಜ್ಯ ಪ್ರವಾಸೋದ್ಯಮ ಇಲಾಖೆಯ ಪುಟದಿಂದ ದಾರಿ ಹಿಡಿದು ಹೋಗಿ.

ತೀರ್ಥಯಾತ್ರೆಯಲ್ಲಿ ಈ ಮೋಸ ಎಷ್ಟು ಬೆಳೆದಿದೆಯೆಂದರೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಎಚ್ಚರಿಕೆ ಹೊರಡಿಸಿತು. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್, ಚಾರ್‌ಧಾಮ್ ಯಾತ್ರಿಕರ ವಸತಿ, ಟ್ಯಾಕ್ಸಿ, ಪ್ಯಾಕೇಜ್, ಎಲ್ಲದರ ಹೆಸರಲ್ಲೂ ನಕಲಿ ವೆಬ್‌ಸೈಟ್, ಫೇಸ್‌ಬುಕ್ ಪುಟ, ವಾಟ್ಸಾಪ್ ಖಾತೆ ನಡೆಯುತ್ತಿವೆ ಅಂತ ಅದು ಹೇಳಿತ್ತು. ತಿರುಮಲದ ರೂಮಿಗೆ ಟಿಟಿಡಿಯ ಅಧಿಕೃತ ಪುಟ ಒಂದೇ, ವಿಳಾಸದ ಕೊನೆ ಎಪಿ ಡಾಟ್ ಗವ್ ಡಾಟ್ ಇನ್. ಧರ್ಮಸ್ಥಳ, ಕುಕ್ಕೆ, ಕೊಲ್ಲೂರು, ಮಂತ್ರಾಲಯಕ್ಕೆ ಹೋಗುವಾಗಲೂ ಕ್ಷೇತ್ರದ ಕಚೇರಿಯನ್ನೇ ಕೇಳಿ. "ದೇವಸ್ಥಾನದ ರೂಮ್ ನಾವು ಮಾಡಿಸಿಕೊಡ್ತೀವಿ" ಅಂತ ಮೊಬೈಲ್ ನಂಬರಿಂದ ಬರುವವರನ್ನು ನಂಬಬೇಡಿ.

ಇನ್‌ಸ್ಟಾಗ್ರಾಮ್‌ನಲ್ಲಿ ಐವತ್ತು ಸಾವಿರ ಫಾಲೋವರ್ಸ್ ಇದ್ದಾರೆ. ಸಾಕಲ್ವಾ?

ಸಾಲದು. ಫಾಲೋವರ್ಸ್ ದುಡ್ಡಿಗೆ ಸಿಗುತ್ತಾರೆ. ಕಾಮೆಂಟ್ ಬಂದ್ ಆಗಿದೆಯಾ, ಪುಟದ ಹಳೆಯ ಹೆಸರು ಏನಿತ್ತು, ಅತಿಥಿಗಳು ತಾವಾಗಿ ಟ್ಯಾಗ್ ಮಾಡಿದ ಫೋಟೋಗಳಿವೆಯಾ ನೋಡಿ. ಟ್ಯಾಗ್ ಆದ ಫೋಟೋ ಒಂದೂ ಇಲ್ಲದ ದೊಡ್ಡ ಪುಟ ಖಾಲಿ ಪುಟ.

ಫೋನ್ ಹೋಗುತ್ತಲೇ ಇಲ್ಲ. ಮೋಸ ಅಂತಾನಾ?

ಇಲ್ಲ ಅನ್ನಿಸುತ್ತದೆ. ಕೊಡಗು, ಕಳಸ, ಕಾಳಿ ಕಣಿವೆಯ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಸಂಜೆ ಮತ್ತೆ ಪ್ರಯತ್ನಿಸಿ, ಮೆಸೇಜ್ ಹಾಕಿಡಿ. ಎಚ್ಚರ ಬೇಕಾಗಿರುವುದು ದುಡ್ಡು ಹಾಕುವವರೆಗೆ ಒಂದೇ ರಿಂಗಿಗೆ ಎತ್ತಿ, ಹಾಕಿದ ಮೇಲೆ ಸಿಗದವರ ಬಗ್ಗೆ.

ಬುಕಿಂಗ್‌ಗೆ ಆಧಾರ್ ಕಾಪಿ ಕೇಳುತ್ತಿದ್ದಾರೆ. ಕಳಿಸಬಹುದಾ?

ಅತಿಥಿಗಳ ಗುರುತಿನ ದಾಖಲೆ ಇಟ್ಟುಕೊಳ್ಳುವುದು ವಸತಿ ನಡೆಸುವವರ ಹೊಣೆ, ಆದ್ದರಿಂದ ಹೋದ ಮೇಲೆ ತೋರಿಸಬೇಕಾಗುತ್ತದೆ. ಬುಕ್ ಆಗುವ ಮೊದಲೇ, ಎಲ್ಲರದೂ, ಎರಡೂ ಬದಿ ಕಳಿಸಿ ಅಂದರೆ ಒಪ್ಪಬೇಡಿ. ಕಳಿಸಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕಳಿಸಿ. ಅದು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅವರೇ ತಮ್ಮ ಆಧಾರ್ ಕಾರ್ಡ್ ಕಳಿಸಿ "ನೋಡಿ, ನಂಬಿ" ಅಂದರೆ ಇನ್ನೂ ಎಚ್ಚರ. ಅದು ಮೊದಲು ಮೋಸಹೋದ ಯಾರದೋ ಕಾರ್ಡ್ ಇರಬಹುದು.

ಮೋಸ ಅಲ್ಲ, ಮನೆ ನಿಜ. ಆದರೆ ಹೋದ ಮೇಲೆ ಹೇಳಿದ ಹಾಗೆ ಇರಲ್ಲ. ಇದನ್ನು ಮೊದಲೇ ಹೇಗೆ ತಿಳಿಯೋದು?

ಹೆಚ್ಚಿನವರಿಗೆ ಆಗುವ ತೊಂದರೆ ಇದೇ. ಮೋಸಹೋದವರಿಗಿಂತ ಬೇಸರಪಟ್ಟು ಬಂದವರೇ ಜಾಸ್ತಿ ಅಂತ ನನ್ನ ಅನುಭವ.

ಫೋಟೋದಲ್ಲಿ ತುಂಬಿ ಹರಿಯುವ ಹೊಳೆ ಆಗಸ್ಟ್‌ನದು, ನೀವು ಹೋಗುವುದು ಏಪ್ರಿಲ್‌ನಲ್ಲಿ. "ಈಗ ಹೊಳೆಯಲ್ಲಿ ನೀರಿದೆಯಾ?" ಅಂತ ಕೇಳಿ, ಮೊನ್ನೆಯ ಫೋಟೋ ಕೇಳಿ. "ಜಲಪಾತ ಹತ್ತಿರ" ಅಂದರೆ ಎಷ್ಟು ಹತ್ತಿರ, ನಡೆಯಬೇಕಾ, ಜೀಪಿಗೆ ಬೇರೆ ದುಡ್ಡಾ? ರೇಟ್ ತಲೆಗೋ ರೂಮಿಗೋ? ಐದು ವರ್ಷದ ಮಗುವಿಗೆ ಚಾರ್ಜ್ ಇದೆಯಾ? ಕ್ಯಾಂಪ್‌ಫೈರ್‌ಗೆ ಎಷ್ಟು? ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದರೆ ಡ್ರೈವರ್‌ಗೆ ಮಲಗಲು ಜಾಗ, ಊಟ ಇದೆಯಾ ಅಂತ ಮರೆಯದೆ ಕೇಳಿ. ರಾತ್ರಿಯೆಲ್ಲ ಕಾರಿನಲ್ಲೇ ಮುದುಡಿಕೊಂಡು ಮಲಗಿದವರು ಬೆಳಿಗ್ಗೆ ಚಾರ್ಮಾಡಿ ಘಾಟಿ ಇಳಿಸಬೇಕು. ಪಕ್ಕದ ಕಾಟೇಜಿನಲ್ಲಿ ದೊಡ್ಡ ಗುಂಪು ಇದೆಯಾ, ಎಷ್ಟು ಹೊತ್ತಿನವರೆಗೆ ಮ್ಯೂಸಿಕ್ ಅನ್ನುವುದೂ ವಯಸ್ಸಾದವರಿದ್ದಾಗ ಮುಖ್ಯ.

ಸುರಕ್ಷತೆಯ ಎರಡು ಪ್ರಶ್ನೆಗಳನ್ನು ಮಾತ್ರ ಯಾವತ್ತೂ ಬಿಡಬೇಡಿ.

ಮೊದಲನೆಯದು ಈಜುಕೊಳ. 2024ರ ನವೆಂಬರ್‌ನಲ್ಲಿ ಮಂಗಳೂರಿನ ಹತ್ತಿರ ಉಚ್ಚಿಲದ ಒಂದು ರೆಸಾರ್ಟ್‌ನ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಆಳ ಎಷ್ಟು, ಅದನ್ನು ಬರೆದು ಹಾಕಿದ್ದಾರಾ, ನೋಡಿಕೊಳ್ಳುವವರು ಇರುತ್ತಾರಾ, ಟ್ಯೂಬ್ ಇದೆಯಾ ಅಂತ ಕೇಳಿ. "ಜಾಸ್ತಿ ಆಳ ಇಲ್ಲ ಸರ್" ಅನ್ನುವುದು ಉತ್ತರ ಅಲ್ಲ, ಎಷ್ಟು ಅಡಿ ಅಂತ ಹೇಳಬೇಕು.

ಎರಡನೆಯದು ಗ್ಯಾಸ್ ಗೀಸರ್. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕೆ ಹೋದವರು ಕುಸಿದುಬೀಳುತ್ತಾರೆ. ಗೀಸರ್ ಎಲ್ಲಿದೆ, ಸ್ನಾನದ ಕೋಣೆಗೆ ಗಾಳಿ ಆಡುವ ಕಿಟಕಿ ಇದೆಯಾ ಅಂತ ಬುಕ್ ಮಾಡುವಾಗಲೇ ವಿಚಾರಿಸಿ. ಸೋಲಾರ್ ಅಥವಾ ಕರೆಂಟ್ ಗೀಸರ್ ಇದ್ದರೆ ಈ ಚಿಂತೆ ಇಲ್ಲ.

ನಾನು ಅಮೆರಿಕದಲ್ಲಿದ್ದೇನೆ. ಅಪ್ಪ ಅಮ್ಮನಿಗೆ ಚಿಕ್ಕಮಗಳೂರಲ್ಲಿ ಬುಕ್ ಮಾಡಬೇಕು. ಹೇಗೆ?

ಅಲ್ಲಿಯೇ ಹೋಗಿ ದುಡ್ಡು ಕೊಡುವ ಆಯ್ಕೆ, ಕ್ಯಾನ್ಸಲ್ ಮಾಡಿದರೆ ಪೂರ್ತಿ ವಾಪಸ್ ಬರುವ ಆಯ್ಕೆ ಇರುವ ಕಡೆ ಆಪ್ ಮೂಲಕ ಮಾಡಿ. ಕಾರ್ಡಿನಿಂದ ಕೊಟ್ಟರೆ ಮೋಸ ಆದಾಗ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ನೇರ ವರ್ಗಾವಣೆಗೆ ಆ ಅನುಕೂಲ ಇಲ್ಲ. ಅಪ್ಪನೋ ಅಮ್ಮನೋ ಒಮ್ಮೆ ಮಾಲೀಕರ ಜೊತೆ ಕನ್ನಡದಲ್ಲಿ ಮಾತಾಡಲಿ. ದಾರಿ, ಊಟ, ಮೆಟ್ಟಿಲು, ಕಮೋಡ್, ಹತ್ತಿರದ ಆಸ್ಪತ್ರೆ ಎಲ್ಲ ಅವರೇ ಕೇಳಿಕೊಳ್ಳುತ್ತಾರೆ, ಆಚೆಯವರು ಎಂಥವರು ಅನ್ನುವುದೂ ಅವರಿಗೆ ಬೇಗ ತಿಳಿಯುತ್ತದೆ.

ಮಾಲ್‌ನಲ್ಲಿ ಚೀಟಿ ತುಂಬಿದ್ದಕ್ಕೆ "ಉಚಿತ ಹಾಲಿಡೇ ಗೆದ್ದಿದ್ದೀರಿ, ಗಂಡ ಹೆಂಡತಿ ಬಂದು ವೋಚರ್ ತಗೊಳ್ಳಿ" ಅಂತ ಕರೆಯುತ್ತಿದ್ದಾರೆ. ಹೋಗಬಹುದಾ?

ಹೋದರೆ ಎರಡು ಮೂರು ಗಂಟೆ ಕೂರಿಸಿ ಹಾಲಿಡೇ ಮೆಂಬರ್‌ಶಿಪ್ ಮಾರುತ್ತಾರೆ. ಮೊತ್ತ ಲಕ್ಷದಲ್ಲಿ. ರಿಯಾಯಿತಿ "ಇವತ್ತು ಮಾತ್ರ". ಆಮೇಲೆ ರೂಮ್ ಕೇಳಿದಾಗಲೆಲ್ಲ ಸೀಸನ್‌ನಲ್ಲಿ ಖಾಲಿ ಇಲ್ಲ, ವರ್ಷಕ್ಕೊಮ್ಮೆ ನಿರ್ವಹಣಾ ಶುಲ್ಕ ಮಾತ್ರ ತಪ್ಪಲ್ಲ, ಇಂಥ ದೂರುಗಳು ಬಹಳ. ಹೋಗಲೇಬೇಕಾದರೆ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಿ. ಅಲ್ಲೇ ಸಹಿ ಹಾಕಬೇಡಿ, ಕರಾರು ಪತ್ರ ಮನೆಗೆ ತಂದು ಓದಿ. ತರಲು ಬಿಡದಿದ್ದರೆ ಅಲ್ಲಿಗೆ ವಿಷಯ ಮುಗಿಯಿತು.

ದುಡ್ಡು ಹೋಗೇಬಿಟ್ಟಿತು. ಈಗೇನು?

ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ದೇಶದ ಸೈಬರ್ ವಂಚನೆ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಖಾತೆಯಿಂದ ಖಾತೆಗೆ ಹಾರಿ ಎಟಿಎಂನಿಂದ ಹೊರಬಿದ್ದ ಮೇಲೆ ಕಷ್ಟ. ಪೇಮೆಂಟ್ ವಿವರದಲ್ಲಿರುವ 12 ಅಂಕಿಯ ಯುಟಿಆರ್ ನಂಬರ್, ಸಮಯ, ಮೊತ್ತ, ಹೋದ ಯುಪಿಐ ಐಡಿ ಕೈಯಲ್ಲಿಟ್ಟುಕೊಳ್ಳಿ. ಬ್ಯಾಂಕಿಗೂ ತಿಳಿಸಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ, ಬಂದ ಸಂಖ್ಯೆ ಬರೆದಿಟ್ಟುಕೊಳ್ಳಿ. ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಬಹುದು. ಹತ್ತಿರದ ಯಾವುದೇ ಠಾಣೆಯೂ ದೂರು ತೆಗೆದುಕೊಳ್ಳಬೇಕು, "ಅದು ಮಡಿಕೇರಿ ವ್ಯಾಪ್ತಿ, ಅಲ್ಲಿಗೇ ಹೋಗಿ" ಅಂತ ವಾಪಸ್ ಕಳಿಸುವ ಹಾಗಿಲ್ಲ.

ಚಾಟ್ ಅಳಿಸಬೇಡಿ, ಆ ನಂಬರ್‌ಗೆ ಬೈದು ಮೆಸೇಜ್ ಹಾಕಲೂ ಬೇಡಿ. ಎಲ್ಲದರ ಸ್ಕ್ರೀನ್‌ಶಾಟ್ ಮೊದಲು ತೆಗೆಯಿರಿ. ಕೆಲವು ದಿನ ಕಳೆದ ಮೇಲೆ "ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಫೀಸ್ ಕಟ್ಟಿ" ಅಂತ ಬರುವವರೂ ಕಳ್ಳರೇ.

ನಾಚಿಕೆಯಿಂದ ಸುಮ್ನೆ ಕೂರಬೇಡಿ. ಇಂಜಿನಿಯರುಗಳು, ಮೇಷ್ಟ್ರುಗಳು, ಬ್ಯಾಂಕಿನವರು ಎಲ್ಲರೂ ಈ ಬಲೆಗೆ ಬಿದ್ದಿದ್ದಾರೆ.

ಜಾಗ ನಿಜ, ಹೋಗಿಯೂ ಬಂದೆವು. ಹೇಳಿದ್ದೊಂದು, ಕೊಟ್ಟಿದ್ದೊಂದು. ಪೊಲೀಸರ ಹತ್ತಿರ ಹೋಗಬೇಕಾ?

ಅದಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಆಪ್ ಮೂಲಕ ಬುಕ್ ಮಾಡಿದ್ದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ರೆಸಾರ್ಟ್ ಇರುವ ಊರಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ರೂಮಿನೊಳಗೆ ಕಾಲಿಟ್ಟ ಕೂಡಲೇ ಫೋಟೋ, ವಿಡಿಯೋ ತೆಗೆದುಕೊಂಡಿದ್ದರೆ, ಮಾಲೀಕರಿಗೆ ಅಲ್ಲೇ ಮೆಸೇಜ್‌ನಲ್ಲಿ ಹೇಳಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಫೋಟೋ ಕದ್ದಿದ್ದು ಯಾರದ್ದೋ ನಿಜವಾದ ಹೋಂಸ್ಟೇದು ಅಂತ ಗೊತ್ತಾಯಿತು. ಅವರಿಗೆ ಹೇಳಬೇಕಾ?

ದಯವಿಟ್ಟು ಹೇಳಿ. ತಮ್ಮ ಹೆಸರಲ್ಲಿ ಹೀಗೆ ನಡೆಯುತ್ತಿದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಗೇಟಿನ ಮುಂದೆ ಅಪರಿಚಿತ ಕುಟುಂಬ ಬಂದು "ದುಡ್ಡು ಕಟ್ಟಿದ್ದೇವೆ" ಅಂದಾಗ ಅವರೂ ದಿಕ್ಕು ತೋಚದೆ ನಿಲ್ಲುತ್ತಾರೆ. ನಕಲಿ ನಂಬರ್, ನಕಲಿ ಪುಟದ ಸ್ಕ್ರೀನ್‌ಶಾಟ್ ಕಳಿಸಿಕೊಡಿ. ಗೂಗಲ್ ಪುಟವನ್ನು ತಮ್ಮ ಹೆಸರಿಗೆ ಮಾಡಿಕೊಂಡು ನಂಬರ್ ಸರಿಪಡಿಸಲು, ಠಾಣೆಯಲ್ಲಿ ದೂರು ಕೊಡಲು ಅವರಿಗೆ ಅದು ಬೇಕು. ನೀವೂ ಮ್ಯಾಪ್‌ನಲ್ಲಿ ಆ ನಂಬರ್ ತಪ್ಪು ಅಂತ ವರದಿ ಮಾಡಿ. ನಕಲಿ ಇನ್‌ಸ್ಟಾಗ್ರಾಮ್ ಪುಟವನ್ನೂ ರಿಪೋರ್ಟ್ ಮಾಡಿ, ಜೊತೆಗಿರುವವರ ಕೈಯಲ್ಲೂ ಮಾಡಿಸಿ. ಹೋಂಸ್ಟೇ ಪುಟದ ರಿವ್ಯೂದಲ್ಲಿ "ಈ ನಂಬರ್ ನಕಲಿ, ಮಾಲೀಕರದ್ದಲ್ಲ" ಅಂತ ಮಾತ್ರ ಬರೆಯಿರಿ. ಅವರಿಗೆ ಒಂದು ಸ್ಟಾರ್ ಕೊಡಬೇಡಿ, ತಪ್ಪು ಅವರದಲ್ಲ.